ಬೇತಾಳ ಪುನಃ ಮರಕ್ಕೆ: ಚಳಿ ಮುಗಿಯುವ ಹೊತ್ತಿನ ಒಂದು ಮರು ಓದಿನ ಪ್ರಕರಣ

ಇದನ್ನು ಬರೆಯಬಹುದಾ ಅಂತ ಮೊದಲು ಟೀಚರ್ ಅವರನ್ನೇ ಕೇಳಿದೆ. "ಬರಿ. ಹೆಸರು ಹಾಕಬೇಡ, ಊರು ಹಾಕಬೇಡ, ನನ್ನನ್ನು ಪಾಪದವಳು ಅಂತ ತೋರಿಸಬೇಡ" ಎಂದರು. ಬರೆದು ಮುಗಿದ ಮೇಲೆ ಅವರಿಗೇ ಓದಲು ಕೊಟ್ಟೆ. ಎರಡು ಮಹಾಪ್ರಾಣ ತಿದ್ದಿದರು, ಒಂದು ಪ್ಯಾರಾ ಪೂರ್ತಿ ಹೊಡೆದುಹಾಕಿದರು. ಮೂರನೇ ಷರತ್ತು ಆ ಪ್ಯಾರಾದಲ್ಲಿ ಮುರಿದಿತ್ತಂತೆ. ಹಾಗಾಗಿ ಇಲ್ಲಿ ಉಳಿದಿರುವುದು ಅವರು ಒಪ್ಪಿದ್ದು ಮಾತ್ರ. ಊರು ಉಡುಪಿಯ ಹತ್ತಿರದ್ದು. ಮನೆಯ ಕೆಲವು ವಿವರ ಬದಲಿಸಿದ್ದೇನೆ.

ನಾನು ಪಂಚಾಯತಿನ ಲೈಬ್ರರಿ ನೋಡಿಕೊಳ್ಳುವವಳು. ಬೋರ್ಡಿನಲ್ಲಿ ಈಗ ಅರಿವು ಕೇಂದ್ರ ಅಂತ ಉಂಟು, ಊರವರ ಬಾಯಲ್ಲಿ ಲೈಬ್ರರಿಯೇ. ನಮ್ಮಲ್ಲಿ ಮನೆಯಲ್ಲಿ ಒಬ್ಬರೇ ಉಳಿದ ಹಿರಿಯರು ಜಾಸ್ತಿ. ಮಕ್ಕಳು ಬೆಂಗಳೂರು, ಮುಂಬೈ, ದುಬೈ. ಅಂಥವರಿಗೆ ಪುಸ್ತಕ ತಲುಪಿಸುವುದು ನನ್ನ ಕೆಲಸದ ಒಂದು ಭಾಗ ಅಂತ ನಾನೇ ಅಂದುಕೊಂಡಿದ್ದೇನೆ, ಯಾರೂ ಹೇಳಿದ್ದಲ್ಲ. ಬೇರೆ ಕಡೆ ಇಂಥದ್ದೇ ಕೆಲಸ ಮಾಡುವವರಿಗೆ ನನ್ನ ತಪ್ಪುಗಳು ಉಪಯೋಗಕ್ಕೆ ಬಂದಾವು.

ಹಿನ್ನೆಲೆ

ಟೀಚರಿಗೆ ಆಗ 67 ವರ್ಷ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ನನಗೂ ಕಲಿಸಿದ್ದಾರೆ. ಮಗ ಹೊರದೇಶದಲ್ಲಿ, ಮಗಳು ಬೆಂಗಳೂರಿನಲ್ಲಿ. ಮನೆ ಹಳೆಯದು, ಅಂಗಳ ದೊಡ್ಡದು, ಹಿಂದೆ ಸಣ್ಣ ಅಡಿಕೆ ತೋಟ. 2023ರ ದೀಪಾವಳಿ ಕಳೆದು ಎರಡು ವಾರದಲ್ಲಿ ಅವರ ಯಜಮಾನರು ತೀರಿಕೊಂಡರು.

ಯಜಮಾನರು ಓದುವವರಲ್ಲ. ಅವರದ್ದು ಯಕ್ಷಗಾನದ ಹುಚ್ಚು. ನವೆಂಬರಿನಲ್ಲಿ ಮೇಳಗಳು ಹೊರಟರೆ ಮಳೆ ಹತ್ತಿರ ಬರುವವರೆಗೆ ವಾರಕ್ಕೆ ಎರಡು ಆಟ ತಪ್ಪಿಸುತ್ತಿರಲಿಲ್ಲ. ಟಾರ್ಚ್ ಹಿಡಿದು, ತಲೆಗೆ ಮಫ್ಲರ್ ಸುತ್ತಿ ಹೋದರೆ ಬೆಳಗಿನ ಕಾಫಿಗೆ ವಾಪಸು. ಟೀಚರ್ ಆ ರಾತ್ರಿಗಳಲ್ಲಿ ಓದುತ್ತಿದ್ದರು. ನಲವತ್ತು ವರ್ಷ ಹೀಗೇ ನಡೆದಿತ್ತು.

ಉತ್ತರಕ್ರಿಯೆ ಮುಗಿದ ಮೇಲೂ ಮನೆಯಲ್ಲಿ ಜನ ಇದ್ದರು. ಜನವರಿ 18ಕ್ಕೆ ಪರ್ಯಾಯ, ಉಡುಪಿ ಕೃಷ್ಣಮಠದ ಪೂಜೆಯ ಸರದಿ ಬದಲಾಗುವ ಉತ್ಸವ. ಅದನ್ನು ನೋಡಲು ಅಂತ ಒಂದಷ್ಟು ನೆಂಟರು ಉಳಿದರು, ಇನ್ನಷ್ಟು ಬಂದರು. ಪರ್ಯಾಯದ ಮರುದಿನದಿಂದ ಒಬ್ಬೊಬ್ಬರೇ ಹೊರಟರು. ಮಗಳು ಕೊನೆಗೆ ಹೋದಳು. ತಿಂಗಳ ಕೊನೆಯ ವಾರಕ್ಕೆ ಮನೆಯಲ್ಲಿ ಟೀಚರ್ ಮತ್ತು ಒಂದು ನಾಯಿ.

ಸಮಸ್ಯೆ

ಕರಾವಳಿಯ ಚಳಿಯನ್ನು ಘಟ್ಟದ ಮೇಲಿನವರು ಚಳಿ ಅಂತ ಒಪ್ಪುವುದಿಲ್ಲ. ಬೆಳಗಿನ ಜಾವ 20 ಡಿಗ್ರಿಯ ಹತ್ತಿರ ಬಂದರೆ ನಮಗೆ ಅದೇ ದೊಡ್ಡದು. ಆದರೆ ತುಳುವಿನ ಪುಯಿಂತೆಲ್ ತಿಂಗಳು ಮುಗಿದು ಮಾಯಿ ಹಿಡಿಯುವ, ಅಂದರೆ ಫೆಬ್ರವರಿ ನಡುವಿನ ಹೊತ್ತಿನ ಬೆಳಗಿನ ಜಾವಕ್ಕೆ ಒಂದು ಗುಣ ಉಂಟು. ಮೂಡಣದಿಂದ ಒಣಗಾಳಿ ಬೀಸುತ್ತದೆ. ತೆಂಗಿನ ಗರಿಯಿಂದ ಮಂಜು ತಗಡಿನ ಮೇಲೆ ಟಪ್ ಟಪ್ ಬೀಳುತ್ತದೆ. ದೂರದ ಬಯಲಿನ ಚೆಂಡೆ ಹಗಲಿಗಿಂತ ಸ್ಪಷ್ಟವಾಗಿ ಕೇಳುತ್ತದೆ.

ಟೀಚರಿಗೆ ಮೂರು ಗಂಟೆಗೆ ಎಚ್ಚರ ಆಗುತ್ತಿತ್ತು. ಚೆಂಡೆ ಕೇಳುತ್ತಿತ್ತು. ಕಾಫಿಗೆ ಬರುವವರು ಇರಲಿಲ್ಲ. ಹಾಲಿನವನು ಬರುವ ಆರು ಗಂಟೆಯವರೆಗೆ ಅವರು ಹಾಸಿಗೆಯಲ್ಲಿ ಕೂತಿರುತ್ತಿದ್ದರು. ಓದಲು ಆಗುತ್ತಿರಲಿಲ್ಲ. "ಸಾಲು ಓದುತ್ತೇನೆ, ಕೆಳಗಿನ ಸಾಲಿಗೆ ಬರುವಾಗ ಮೇಲಿನದ್ದು ಇಲ್ಲ" ಎಂದರು. ಬದುಕೆಲ್ಲ ಓದಿದವರಿಗೆ ಅದು ಇನ್ನೊಂದು ನಷ್ಟ. ಅದನ್ನು ಯಾರ ಹತ್ತಿರ ಹೇಳುವುದು? ಗಂಡ ಹೋದವಳು ಪುಸ್ತಕ ಓದಲಾಗುವುದಿಲ್ಲ ಅಂತ ಅತ್ತರೆ ಜನ ಏನಂದಾರು?

ಮೊದಲು ಮಗಳು ಅವರನ್ನು ಡಾಕ್ಟರಿಗೆ ತೋರಿಸಿದ್ದಳು. ಬಿ.ಪಿ. ಮಾತ್ರೆಯ ಸಮಯ ಬದಲಾಯಿತು. ಕಣ್ಣಿನ ಪೊರೆಯ ಆಪರೇಷನ್ ಹಿಂದಿನ ವರ್ಷವೇ ಆಗಿತ್ತು, ಕನ್ನಡಕ ಸರಿ ಇತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಿದ್ರೆ ಬಾರದವರಿಗೆ ಪುಸ್ತಕ ಕೊಟ್ಟು ಸುಮ್ನೆ ಕೂರುವುದು ಸರಿಯಲ್ಲ. ಮೈಯ ಕಾರಣ ಮೊದಲು ನೋಡಬೇಕು.

ನಾನು ಮಾಡಿದ್ದು, ಅದು ನಡೆಯದೇ ಹೋದದ್ದು

ನನಗೆ ತೋಚಿದ್ದು ಹೊಸ ಪುಸ್ತಕ. ಲೈಬ್ರರಿಗೆ ಆಗಷ್ಟೇ ಬಂದಿದ್ದ ಕಾದಂಬರಿಗಳಲ್ಲಿ ಐದನ್ನು ಆರಿಸಿ ಚೀಲದಲ್ಲಿ ತಂದುಕೊಟ್ಟೆ. ಆರಿಸಿದ ರೀತಿ ನೋಡಿ: ಸಾವು ಇಲ್ಲದ್ದು, ನಗು ಇದ್ದದ್ದು, ಅಕ್ಷರ ದೊಡ್ಡದಿದ್ದದ್ದು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಎರಡು ವಾರ ಬಿಟ್ಟು ಹೋದಾಗ ಐದೂ ಅದೇ ಚೀಲದಲ್ಲಿ. ಒಂದರಲ್ಲಿ ಮಾತ್ರ ಬಸ್ ಟಿಕೆಟ್ ಇಟ್ಟ ಗುರುತು, 17ನೇ ಪುಟದಲ್ಲಿ. "ಎಂತ ಮಾಡುವುದು ಮಾರಾಯ್ತಿ, ಒಂದು ಮನೆಯಲ್ಲಿ ಆರು ಜನ. ಯಾರು ಯಾರ ಮಗ ಅಂತ ನೆನಪಿಡಲಿಕ್ಕೆ ನನ್ನಿಂದ ಆಗುವುದಿಲ್ಲ" ಎಂದರು. ಆಗ ನಾನು ಇದನ್ನು ನೆಪ ಅಂತ ತಿಳಿದೆ. ಈಗ ಅನಿಸುತ್ತದೆ, ಅವರು ಸಮಸ್ಯೆಯನ್ನು ಸರಿಯಾಗಿಯೇ ಹೇಳಿದ್ದರು. ಹೊಸ ಕಾದಂಬರಿ ಮೊದಲ ಐವತ್ತು ಪುಟ ನಮ್ಮಿಂದ ದುಡಿಸಿಕೊಳ್ಳುತ್ತದೆ. ಹೆಸರು, ಊರು, ಸಂಬಂಧ ಎಲ್ಲ ಹೊಸದಾಗಿ ಕಟ್ಟಿಕೊಳ್ಳಬೇಕು. ದುಃಖದಲ್ಲಿ ಇದ್ದವರ ಹತ್ತಿರ ಆ ದುಡಿಮೆಗೆ ಬೇಕಾದ ಶಕ್ತಿ ಇರುವುದಿಲ್ಲ.

ಮಗ ಫೋನಿಗೆ ಕಥೆ ಕೇಳುವ ಆ್ಯಪ್ ಹಾಕಿಸಿದ. ಎರಡು ದಿನ ಕೇಳಿದರು. ಓದುವವರ ಉಚ್ಚಾರ ಸರಿ ಇಲ್ಲ ಅಂತ ಬಂದ್ ಮಾಡಿದರು. ಭಜನೆಗೆ ಹೋದರು, ಅಲ್ಲಿ ಎಲ್ಲರೂ ಸಮಾಧಾನ ಹೇಳುತ್ತಾರೆ ಅಂತ ಬಿಟ್ಟರು.

ತಿರುವು: ಒಂದು ರಸೀದಿ

ಫೆಬ್ರವರಿ ಎರಡನೇ ವಾರ. ಬ್ಯಾಂಕಿನಲ್ಲಿ ಯಜಮಾನರ ಹೆಸರಿನ ಠೇವಣಿ ಇತ್ತು, ಅದರ ರಸೀದಿ ಬೇಕಿತ್ತು. ಯಜಮಾನರಿಗೆ ಒಂದು ಅಭ್ಯಾಸ. ಮುಖ್ಯ ಕಾಗದ ಯಾವುದಿದ್ದರೂ ಟೀಚರ ಪುಸ್ತಕದೊಳಗೆ ಇಡುವುದು. "ಅಲ್ಲಿ ಕಳ್ಳ ಕೈ ಹಾಕುವುದಿಲ್ಲ" ಅನ್ನುತ್ತಿದ್ದರಂತೆ. ಕಪಾಟಿನಲ್ಲಿ ಮುನ್ನೂರರಷ್ಟು ಪುಸ್ತಕ. ಹುಡುಕಲು ನನ್ನನ್ನು ಕರೆದರು.

ಕಪಾಟಿನ ಬಾಗಿಲು ತೆಗೆದ ಕೂಡಲೇ ಬೂಷ್ಟಿನ ವಾಸನೆ. ಹಿಂದಿನ ಮಳೆಗಾಲದಲ್ಲಿ ಯಜಮಾನರ ಕಾಯಿಲೆಯ ಗಡಿಬಿಡಿ, ಪುಸ್ತಕ ಯಾರೂ ಮುಟ್ಟಿರಲಿಲ್ಲ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಕೆಳಗಿನ ಸಾಲಿನ ಮೂರು ಪುಸ್ತಕಕ್ಕೆ ಗೆದ್ದಲು ಹತ್ತಿತ್ತು. ಅವನ್ನು ಬಿಸಾಡಿದೆವು. ಉಳಿದವನ್ನು ಹೇಗೂ ತೆಗೆಯುತ್ತಿದ್ದೇವೆ, ಒಣಗಿಸಿಯೇ ಬಿಡೋಣ ಅಂದೆ.

ಪುಸ್ತಕ ಒಣಗಿಸಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಗಾಳಿ ಒಣಗಿರುತ್ತದೆ, ಬಿಸಿಲು ಇನ್ನೂ ಉರಿಯಾಗಿರುವುದಿಲ್ಲ. ಆದರೆ ಅಡಿಕೆಯ ಹಾಗೆ ಅಂಗಳದ ನೇರ ಬಿಸಿಲಿಗೆ ಹರಡಬಾರದು. ಕಾಗದ ಹಳದಿಯಾಗಿ ಮುರಿಯುತ್ತದೆ, ಗಮ್ ಬಿಡುತ್ತದೆ. ಜಗಲಿಯ ನೆರಳಿನಲ್ಲಿ ಚಾಪೆ ಹಾಸಿ, ಪುಸ್ತಕವನ್ನು ಸ್ವಲ್ಪ ಬಿಡಿಸಿ ನಿಲ್ಲಿಸಬೇಕು. ಒಣಬಟ್ಟೆಯಲ್ಲಿ ಬೂಷ್ಟು ಒರೆಸಬೇಕು, ಮೂಗಿಗೆ ಬಟ್ಟೆ ಕಟ್ಟಿಕೊಂಡು. ವಾಪಸು ಇಡುವಾಗ ಕಪಾಟಿನ ಮೂಲೆಯಲ್ಲಿ ಒಣಗಿದ ಬೇವಿನ ಎಲೆ, ಬಜೆಯ ತುಂಡು.

ಇದು ಐದು ದಿನದ ಕೆಲಸ ಆಯಿತು. ಪ್ರತಿ ಪುಸ್ತಕವನ್ನೂ ಪುಟ ತಿರುವಿ ಕೊಡವಬೇಕಿತ್ತು, ರಸೀದಿಗಾಗಿ. ಬಂದದ್ದೆಲ್ಲ ಕರೆಂಟ್ ಬಿಲ್ಲು, ಸೊಸೈಟಿಯ ಹಾಲಿನ ಚೀಟಿ, ಮೇಳಗಳ ಹ್ಯಾಂಡ್‌ಬಿಲ್ಲು. ಮೂರನೇ ದಿನ ಮಧ್ಯಾಹ್ನ ನಾನು ಒಳಗೆ ನೀರು ಕುಡಿಯಲು ಹೋಗಿ ಬರುವಾಗ ಟೀಚರ್ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಕೈಯಲ್ಲಿ ಬಟ್ಟೆ ಹಾಗೇ ಇತ್ತು. ತೊಡೆಯ ಮೇಲೆ ತೆರೆದ ಪುಸ್ತಕ. ಅವರು ಓದುತ್ತಿದ್ದರು.

ನಾನು ಮಾತಾಡಲಿಲ್ಲ. ಈ ಇಡೀ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ್ದು ಅದೊಂದು ಇರಬೇಕು.

(ರಸೀದಿ ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಅಡುಗೆಮನೆಯ ಮೊಳೆಗೆ ನೇತುಹಾಕಿದ್ದ ಹಳೆಯ ಪಂಚಾಂಗದಲ್ಲಿತ್ತು.)

ಎರಡು ಪುಸ್ತಕ, ಎರಡು ತಪ್ಪು ಅಂದಾಜು

ಅವರು ಓದುತ್ತಿದ್ದದ್ದು ಚಂದಮಾಮದ ಒಂದು ಬೈಂಡು. ಅವರ ಅಪ್ಪ ವರ್ಷದ ಹನ್ನೆರಡು ಸಂಚಿಕೆ ಸೇರಿಸಿ ರಟ್ಟು ಹಾಕಿಸಿದ್ದು. ಅಂಥವು ಆರು ಇದ್ದವು. ತೆರೆದಿದ್ದ ಪುಟದಲ್ಲಿ ವಿಕ್ರಮ ಮತ್ತು ಬೇತಾಳ. ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ ಹೊತ್ತು ನಡೆಯುವ ರಾಜ. ಶಂಕರ್ ಎಂದು ಹೆಸರಾದ ಕೆ.ಸಿ. ಶಿವಶಂಕರನ್ ಬರೆದ ಆ ಚಿತ್ರ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ?

ನನಗೆ ಎದೆ ಧಸಕ್ಕೆಂದಿತು. ಗಂಡ ಹೋಗಿ ಮೂರು ತಿಂಗಳಾಗಿಲ್ಲ, ಸ್ಮಶಾನ, ಹೆಣ! ಸಂಜೆ ಹೊರಡುವಾಗ ಆ ಬೈಂಡುಗಳನ್ನು ಮೆಲ್ಲಗೆ ಕೆಳಗೆ ಸರಿಸಿ, ಮೇಲೆ ‘ಬೆಟ್ಟದ ಜೀವ’ ಇಟ್ಟು ಬಂದೆ. ಕಾರಂತರ ಈ ಕಾದಂಬರಿ 1943ರದ್ದು, ನಮ್ಮ ಜಿಲ್ಲೆಯ ಓದುಗರಿಗೆ ಮನೆಯ ಅಂಗಳದಂಥದ್ದು. ಟೀಚರ್ ಕ್ಲಾಸಿನಲ್ಲಿ ಅದರ ಬಗ್ಗೆ ಹೇಳುವಾಗ ಕಣ್ಣು ಹೊಳೆಯುತ್ತಿತ್ತು. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದವನೊಬ್ಬ ರಾತ್ರಿ ಒಂದು ಮನೆ ಸೇರುತ್ತಾನೆ. ಅಲ್ಲಿ ಗೋಪಾಲಯ್ಯ, ಶಂಕರಿ ಅನ್ನುವ ಮುದಿ ದಂಪತಿ. ಊಟ, ಮಾತು, ಕಾಡಿನ ನಡುವಿನ ತೋಟ. ಸಮಾಧಾನಕ್ಕೆ ಇದಕ್ಕಿಂತ ಒಳ್ಳೆಯದು ಬೇಕಾ ಅಂತ ನನ್ನ ಲೆಕ್ಕ.

ಆ ದಂಪತಿಯ ಮಗ ಮನೆ ಬಿಟ್ಟು ಹೋದವನು ಎಂಬುದು ನನಗೆ ನೆನಪೇ ಆಗಲಿಲ್ಲ.

ಮುಂದಿನ ಬಾರಿ ಹೋದಾಗ ಟೀಚರ ಮುಖ ಊದಿತ್ತು. ಇಪ್ಪತ್ತೊಂದನೇ ವಯಸ್ಸಿನಲ್ಲಿ ಮೊದಲು ಓದಿದ್ದಂತೆ. "ಆಗ ನಾನು ಆ ದಾರಿ ತಪ್ಪಿದವನ ಜೊತೆ ಮನೆಯೊಳಗೆ ಹೋಗಿದ್ದೆ. ಈ ಸಲ ಬಾಗಿಲು ತೆಗೆಯುವವಳು ನಾನೇ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಶಂಕರಿಗಾದರೂ ಮಾತಾಡಲಿಕ್ಕೆ ಗೋಪಾಲಯ್ಯ ಇದ್ದ" ಎಂದರು.

ನಾನು ಏನು ಮಾಡಿದೆ ಗೊತ್ತಾ? ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ತಂದುಬಿಟ್ಟೆ. ಮಗುವಿನ ಕೈಯಿಂದ ಕತ್ತರಿ ಕಸಿದುಕೊಂಡ ಹಾಗೆ. ನಾಲ್ಕನೇ ದಿನ ಫೋನ್ ಬಂತು. "ನನ್ನ ಪುಸ್ತಕ ತೆಗೆದುಕೊಂಡು ಹೋಗಲಿಕ್ಕೆ ನಿನಗೆ ಹೇಳಿದ್ದು ಯಾರು? ನಾನೇನು ಸಣ್ಣ ಹುಡುಗಿಯಾ?" ಕ್ಲಾಸಿನಲ್ಲಿ ಕೇಳಿದ್ದ ಅದೇ ಧ್ವನಿ. ಹೆದರಿಕೆಯೂ ಆಯಿತು, ಖುಷಿಯೂ ಆಯಿತು. ಅಷ್ಟು ಜೋರಾಗಿ ಅವರು ಮಾತಾಡಿ ತಿಂಗಳುಗಳಾಗಿತ್ತು.

ಪುಸ್ತಕ ವಾಪಸು ಕೊಟ್ಟೆ. ಅವರು ಅದನ್ನು ಮೇಜಿನ ಮೇಲೆ, ಕನ್ನಡಕದ ಡಬ್ಬಿಯ ಪಕ್ಕ ಇಟ್ಟರು. "ಇಲ್ಲಿರಲಿ. ಓದುವುದು ಬಿಡುವುದು ನನಗೆ ಬಿಟ್ಟದ್ದು."

ಬೆಳಗಿನ ಜಾವದ ಬೇತಾಳ

ಅಷ್ಟರಲ್ಲಿ ಅವರು ಬೈಂಡುಗಳನ್ನು ಪುನಃ ಮೇಲೆ ತಂದಿದ್ದರು. ಮೂರು ಗಂಟೆಗೆ ಎಚ್ಚರ ಆಗುವುದು ನಿಂತಿರಲಿಲ್ಲ. ಆದರೆ ಈಗ ಎದ್ದು ಶಾಲು ಹೊದ್ದು, ಟ್ಯೂಬ್‌ಲೈಟ್ ಹಾಕಿ, ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಂಡು ಒಂದು ಬೇತಾಳ ಕಥೆ. ಒಂದೇ. ಕೆಲವು ದಿನ ಎರಡು. ಆಮೇಲೆ ನಿದ್ರೆ ಬಂದರೆ ಬಂತು, ಇಲ್ಲದಿದ್ದರೆ ಹಾಲಿನವನು ಬಂದ.

"ಹೆದರಿಕೆ ಆಗುವುದಿಲ್ಲವಾ ಟೀಚರ್?" ಅಂತ ಕೇಳಿಯೇ ಬಿಟ್ಟೆ.

"ಎಂತ ಹೆದರಿಕೆ? ರಾಜ ಹೆಣ ಇಳಿಸುತ್ತಾನೆ, ಹೊರುತ್ತಾನೆ. ಬೇತಾಳ ಕಥೆ ಹೇಳುತ್ತದೆ, ಪ್ರಶ್ನೆ ಕೇಳುತ್ತದೆ. ಇವನು ಬಾಯಿ ಬಿಡುತ್ತಾನೆ. ಅದು ಹೋಗಿ ಮರದಲ್ಲಿ ನೇತಾಡುತ್ತದೆ. ಮುಂದಿನ ತಿಂಗಳು ಪುನಃ ಹೋಗಬೇಕು. ಇಷ್ಟೇ ಅಲ್ವಾ? ನನ್ನ ಕಥೆಯೂ ಅದೇ. ರಾತ್ರಿ ಇಳಿಸಿದ್ದೇನೆ ಅಂತ ಮಲಗುತ್ತೇನೆ, ಮೂರು ಗಂಟೆಗೆ ಮರದಲ್ಲಿ ಇರುತ್ತದೆ. ಆ ರಾಜ ಒಂದು ದಿನವೂ ಗೊಣಗಿದ್ದಿಲ್ಲ, ನೋಡು. ನನಗೆ ನಗು ಬರುತ್ತದೆ."

ನಾನು ತೆಗೆದಿಟ್ಟದ್ದು ಅವರಿಗೆ ಬೇಕಾದದ್ದು. ನಾನು ಮೇಲಿಟ್ಟದ್ದು ಅವರಿಗೆ ಚುಚ್ಚಿದ್ದು.

ಕಥೆಗಳು ಎಲ್ಲವೂ ಅವರಿಗೆ ಗೊತ್ತಿದ್ದವು. ಬೇತಾಳ ಏನು ಕೇಳುತ್ತದೆ, ರಾಜ ಏನು ಹೇಳುತ್ತಾನೆ, ಪುಟದ ಯಾವ ಮೂಲೆಯಲ್ಲಿ ಚಿತ್ರ ಉಂಟು, ಎಲ್ಲ. ಮತ್ತೆ ಯಾಕೆ ಓದುವುದು? ಇದನ್ನು ಅವರ ಹತ್ತಿರ ಕೇಳಿದಾಗ ಅವರು ಗಂಡನ ಮಾತು ತೆಗೆದರು. ಮದುವೆಯಾದ ಹೊಸತರಲ್ಲಿ ಅವರೂ ಗಂಡನಿಗೆ ಇದೇ ಪ್ರಶ್ನೆ ಕೇಳಿದ್ದರಂತೆ. ಅದೇ ಅಭಿಮನ್ಯು, ಅದೇ ಚಕ್ರವ್ಯೂಹ, ಎಷ್ಟು ಸಲ ನೋಡುತ್ತೀರಿ, ಕೊನೆಗೆ ಸಾಯುತ್ತಾನೆ ಅಂತ ಗೊತ್ತಿಲ್ಲವಾ? ಯಜಮಾನರು, "ಕಥೆ ಗೊತ್ತಿಲ್ಲದವ ಆಟಕ್ಕೆ ಹೋಗಿ ಎಂತ ನೋಡುತ್ತಾನೆ?" ಎಂದಿದ್ದರಂತೆ.

ಈ ಮಾತು ನನ್ನ ತಲೆಯಲ್ಲಿ ಉಳಿಯಿತು. ನಮ್ಮ ಕರಾವಳಿಯಲ್ಲಿ ಮರು ಓದು ಅಂದರೆ ಏನು ಅಂತ ವಿವರಿಸಬೇಕಾಗಿಯೇ ಇರಲಿಲ್ಲ. ಬಯಲಿನಲ್ಲಿ ಚಳಿಗೆ ಮುದುಡಿ ಕೂತ ಸಾವಿರ ಜನಕ್ಕೂ ಕಥೆ ಬಾಯಿಪಾಠ. ಇವತ್ತಿನ ಭಾಗವತರು ಆ ಪದ್ಯವನ್ನು ಹೇಗೆ ಎತ್ತಿಕೊಳ್ಳುತ್ತಾರೆ, ಇವತ್ತಿನ ಅಭಿಮನ್ಯು ಹೇಗೆ ಕುಣಿಯುತ್ತಾನೆ ಅಂತ ನೋಡಲು ಹೋಗುವುದು. ಮುಂದೆ ಏನಾಗುತ್ತದೆ ಅನ್ನುವ ಆತಂಕ ಇಲ್ಲ. ನಿದ್ರೆ ಬಂದರೆ ಅಲ್ಲೇ ಚಾಪೆಯಲ್ಲಿ ಮಲಗಬಹುದು, ಎದ್ದಾಗ ಕಥೆ ಎಲ್ಲಿಗೆ ಬಂದಿದೆ ಅಂತ ಗೊತ್ತಿರುತ್ತದೆ. ಟೀಚರಿಗೆ ಆ ಮೂರು ಗಂಟೆಯಲ್ಲಿ ಬೇಕಿದ್ದದ್ದು ಅಂಥ ಪುಸ್ತಕ. ನಡುವೆ ಮನಸ್ಸು ಎಲ್ಲಿಗೋ ಹೋದರೂ ಕಾದು ಕೂರುವಂಥದ್ದು.

ಇನ್ನೊಂದು ಗಮನಿಸಿದೆ. ಅದೇ ಪ್ರತಿಯೇ ಆಗಬೇಕಿತ್ತು. ಅಕ್ಷರ ಸಣ್ಣದು ಅಂತ ನಾನು ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ ಬೇತಾಳ ಕಥೆಗಳನ್ನು ದೊಡ್ಡದು ಮಾಡಿ ಪ್ರಿಂಟ್ ಹಾಕಿಸಿ ತಂದೆ. ನೋಡಿದರು, ಒಳ್ಳೆಯದಾಯಿತು ಎಂದರು, ಮರುದಿನ ಅದರ ಹಿಂದಿನ ಖಾಲಿ ಬದಿಯಲ್ಲಿ ಸಾಮಾನಿನ ಪಟ್ಟಿ ಬರೆದಿದ್ದರು.

ಆಮೇಲೆ

ಇದು ಔಷಧದ ಹಾಗೆ ಕೆಲಸ ಮಾಡಿತು ಅಂತ ಹೇಳಲಾರೆ. ಅಳು ಇತ್ತು. ಕೆಲವು ವಾರ ನಾನು ಹೋದರೂ ಮಾತು ಇರುತ್ತಿರಲಿಲ್ಲ. ಮಾತ್ರೆ, ಮಗಳ ದಿನಕ್ಕೆರಡು ಫೋನ್, ದಿನ ಕಳೆದ ಹಾಗೆ ತಾನಾಗಿ ಆಗುವ ಬದಲಾವಣೆ, ಇವೆಲ್ಲ ಜೊತೆಗೇ ಇದ್ದವು. ನಾನು ನೋಡಿದ್ದು ಇಷ್ಟು: ಸಾಲು ಓದಿ ಸಾಲು ಮರೆಯುವುದು ಮೊದಲು ಗೊತ್ತಿದ್ದ ಪುಟಗಳಲ್ಲಿ ನಿಂತಿತು. ಓದುವ ಅಭ್ಯಾಸ ಅಲ್ಲಿಂದ ವಾಪಸು ಬಂತು.

ಲೈಬ್ರರಿಯಲ್ಲಿ ನಾನು ಎರಡು ವಿಷಯ ಬದಲಿಸಿದೆ. ಮನೆಗೆ ಪುಸ್ತಕ ಕೊಡುವ ಮೊದಲು "ಶಾಲೆಗೆ ಹೋಗುವಾಗ ಎಂತ ಓದುತ್ತಿದ್ದಿರಿ?" ಅಂತ ಕೇಳುತ್ತೇನೆ. ಉತ್ತರ ಕೇಳಿ ಬೇರೆಯದನ್ನು ಆರಿಸುವ ಬುದ್ಧಿವಂತಿಕೆ ಬಿಟ್ಟಿದ್ದೇನೆ. ಒಬ್ಬರು ಪತ್ತೇದಾರಿ ಕಾದಂಬರಿ ಎಂದರು, ಕೊಲೆಗಾರ ಯಾರು ಅಂತ ಗೊತ್ತಿದ್ದೂ ಓದುತ್ತಾರೆ. ಓದಲಿ. ಎರಡನೆಯದು, ಗುಜರಿಗೆ ಅಂತ ಕಟ್ಟಿಟ್ಟಿದ್ದ ಹಳೆಯ ವಾರಪತ್ರಿಕೆಗಳ ಎರಡು ಗೋಣಿಯನ್ನು ಬಿಚ್ಚಿಸಿದೆ. ಅದರಿಂದ ಜಾಗದ ಜಗಳ ಶುರುವಾಗಿದೆ, ಅದು ಇನ್ನೊಂದು ಪ್ರಕರಣ.

ಹಳೆಯ ಇಷ್ಟದ ಪುಸ್ತಕ ಅಂದ ಮಾತ್ರಕ್ಕೆ ಮೆತ್ತಗೆ ಇರುತ್ತದೆ ಅಂತ ನಂಬಬಾರದು ಎಂಬುದನ್ನೂ ಇಲ್ಲಿ ಸೇರಿಸುತ್ತೇನೆ. ನಲವತ್ತು ವರ್ಷದಲ್ಲಿ ಪುಸ್ತಕ ಅಲ್ಲೇ ಇರುತ್ತದೆ, ಓದುವವರು ಅದರೊಳಗೆ ಕೂರುವ ಜಾಗ ಬದಲಾಗುತ್ತದೆ. ಕೊಡುವವರಿಗೆ ಅದು ಹೊರಗಿನಿಂದ ಕಾಣುವುದಿಲ್ಲ. ಹಾಗಂತ ಚುಚ್ಚಿದ್ದನ್ನು ಬಚ್ಚಿಡುವುದೂ ನಮ್ಮ ಕೆಲಸ ಅಲ್ಲ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡುತ್ತದೆ ಅನ್ನುತ್ತಾರಲ್ಲ. ಆ ವರ್ಷ ಶಿವರಾತ್ರಿ ಮಾರ್ಚ್ 8ಕ್ಕೆ. ನೆರೆಯವರು ದೇವಸ್ಥಾನಕ್ಕೆ ಜಾಗರಣೆಗೆ ಕರೆದರು, ಟೀಚರ್ ಹೋಗಲಿಲ್ಲ. ಸೂತಕದ ವರ್ಷ ಅಂತ ಎಲ್ಲರೂ ಸುಮ್ಮನಾದರು. ಮರುದಿನ ನಾನು ಹೋದಾಗ ಅಂಗಳದ ಬದಿಯಲ್ಲಿ ಗೇರುಹಣ್ಣಿನ ವಾಸನೆ, ಬೆಳಿಗ್ಗೆ ಒಂಬತ್ತಕ್ಕೇ ಸೆಕೆ. ಟೀಚರ್ ತೋಟದಲ್ಲಿದ್ದರು, ಪೈಪು ಹಿಡಿದುಕೊಂಡು. ಕಣ್ಣು ಕೆಂಪು.

"ರಾತ್ರಿ ಮಲಗಲಿಲ್ಲವಾ?"

"ಜಾಗರಣೆ ಅಲ್ವಾ? ಗೋಪಾಲಯ್ಯನ ಮನೆಯಲ್ಲಿ ಇದ್ದೆ. ಮುಗಿಸಿಯೇ ಎದ್ದದ್ದು." ಪೈಪನ್ನು ಮುಂದಿನ ಬುಡಕ್ಕೆ ಸರಿಸಿದರು. "ಆ ಕಾಡಿನಲ್ಲಿ ಆ ಮುದುಕ ತೋಟ ಎಬ್ಬಿಸುತ್ತಾನೆ. ಇಲ್ಲಿ ಮನೆ ಹಿಂದಿನ ಅಡಿಕೆಗೆ ನಾನು ಮೂರು ದಿನ ನೀರು ಬಿಟ್ಟಿಲ್ಲ. ನಾಚಿಕೆ ಆಯಿತು."

ಕೈ ತೊಳೆದು ಒಳಗೆ ಬಂದು ಮೇಜಿನ ಮೇಲಿನ ಪುಸ್ತಕ ತೆಗೆದುಕೊಂಡರು.

"ನೀನು ಇದನ್ನು ಓದಿದ್ದೀಯಾ?"

"ಓದಿದ್ದೇನೆ ಟೀಚರ್. ಕಾಲೇಜಿನಲ್ಲಿ. ಪರೀಕ್ಷೆಗೆ."

"ಹಾಗಾದರೆ ಓದಿಲ್ಲ. ತೆಗೆದುಕೊಂಡು ಹೋಗು, ಈ ಸಲ ನಾನೇ ಕೊಡುತ್ತಿದ್ದೇನೆ. ಮಳೆ ಹಿಡಿಯುವ ಮೊದಲು ತಂದುಕೊಡು. ನಿನ್ನ ಮನೆಯಲ್ಲಿ ಬೂಷ್ಟು ಹಿಡಿಸಬೇಡ."